ಒಂದು ಹಂಚು ಬೇಕಿತ್ತು

ಏಪ್ರಿಲ್ ಕೊನೆಯ ವಾರ. ಬಂಟ್ವಾಳ ತಾಲೂಕಿನ ಒಳಗಿನ ಒಂದು ಊರು, ನಮ್ಮ ಬಳಗದ ಗೆಳೆಯನೊಬ್ಬನ ಮನೆ. ಸಂಜೆ ಐದಕ್ಕೆ ಗಾಳಿ ಎದ್ದಿತು, ಗುಡುಗಿತು, ಹತ್ತೇ ನಿಮಿಷ ಮಳೆ ಸುರಿಯಿತು. ಮಳೆಯಿಂದ ಏನೂ ಆಗಲಿಲ್ಲ. ಆದರೆ ಗಾಳಿಗೆ ತೆಂಗಿನ ಒಣ ಮಡಲೊಂದು ಅಡುಗೆಮನೆಯ ಮಾಡಿನ ಮೇಲೆ ಬಿತ್ತು. ಮಡಲನ್ನು ಎಳೆದು ಹಾಕಿ ಎಣಿಸಿ ನೋಡಿದರೆ ಹನ್ನೊಂದು ಹಂಚು ಹೋಗಿತ್ತು. ಒಲೆಯ ಬಳಿ ಕೂತು ತಲೆ ಎತ್ತಿದರೆ ಆಕಾಶ ಕಾಣುತ್ತಿತ್ತು.

ಕೊಟ್ಟಿಗೆಯ ಹಿಂದಿನ ಗೋಡೆಗೆ ಒರಗಿಸಿಟ್ಟ ಹಳೆಯ ಹಂಚುಗಳಲ್ಲಿ ಸರಿ ಇದ್ದದ್ದು ನಾಲ್ಕು. ಇನ್ನು ಏಳು ಬೇಕು. ಪೇಟೆಯಿಂದ ಏಳು ಹೊಸ ಹಂಚು ತಂದರು. ಒಂದೂ ಕೂರಲಿಲ್ಲ. ಉದ್ದ ಸರಿಯಾದರೆ ಅಗಲ ತುಸು ಹೆಚ್ಚು, ಅಂಚಿನ ಗೀರು ಪಕ್ಕದ ಹಂಚಿನ ಗೀರಿಗೆ ಹೊಂದುವುದಿಲ್ಲ. ಒತ್ತಿ ಕೂರಿಸಿದರೆ ಬೆರಳು ತೂರುವಷ್ಟು ಸಂದು.

ಗೆಳೆಯನ ಅಪ್ಪ ಹೇಳಿದರು: "ಇದೆಲ್ಲ ಸಾಕು. ಎಲ್ಲ ತೆಗೆದು ಶೀಟ್ ಹಾಕ್ಸುವ. ವರ್ಷ ವರ್ಷ ಈ ರಗಳೆ ಯಾಕೆ?"

ಒಳಗಿನಿಂದ ಅಜ್ಜಿ: "ನಾನು ಇರುವವರೆಗೆ ಆ ಹಂಚು ಇಳಿಸುದು ಬೇಡ ಮಗಾ. ಆಮೇಲೆ ಎಂತ ಬೇಕಾದ್ರೂ ಮಾಡಿ."

ಜೂನ್ ಮೊದಲ ವಾರಕ್ಕೆ ಮಳೆಗಾಲ ಹಿಡಿಯುತ್ತದೆ. ಅಷ್ಟರೊಳಗೆ ಏಳು ಹಂಚು ಸಿಗಬೇಕು, ಇಲ್ಲವೇ ಮಾಡು ಇಳಿಯಬೇಕು. ಹಂಚು ಹುಡುಕಲು ನಾವೂ ಜೊತೆಯಾದೆವು. ಹುಡುಕುತ್ತಾ ಹೋದಂತೆ ಹಂಚಿನ ಕತೆಯೂ ಸಿಕ್ಕಿತು. ಘಟ್ಟದ ಮೇಲಿನ ಓದುಗರು 'ಹೆಂಚು' ಎಂದು ಓದಿಕೊಳ್ಳಿ, ಕತೆ ಅದೇ.

ಹಂಚಿಗಿಂತ ಮೊದಲು

ಕರಾವಳಿಯಲ್ಲಿ ವರ್ಷಕ್ಕೆ 3500 ಮಿಲಿಮೀಟರಿನ ಆಸುಪಾಸು ಮಳೆ. ಇಲ್ಲಿ ಮನೆಗೆ ಗೋಡೆಗಿಂತ ಮಾಡೇ ಮುಖ್ಯ. ಮಣ್ಣಿನ ಗೋಡೆ ನೆನೆಯದೆ ಉಳಿಯುವುದೇ ಮಾಡು ಸರಿ ಇದ್ದರೆ.

ಹಿಂದೆ ಬಡವರ ಮನೆಗೆ ಮುಳಿಹುಲ್ಲು, ಅಡಿಕೆ ಸೋಗೆ, ಹೆಣೆದ ತೆಂಗಿನ ಮಡಲು. ಬೇಸಿಗೆ ಬಂತೆಂದರೆ ಹಳೆಯದನ್ನು ತೆಗೆದು ಹೊಸದು ಹೊದಿಸಬೇಕು. ಹುಲ್ಲು ಕೊಯ್ಯಬೇಕು, ಹೊರಬೇಕು, ಕಟ್ಟಬೇಕು. ಊರಿನ ಹತ್ತು ಜನ ಸೇರಿದರಷ್ಟೇ ಕೆಲಸ ಸಾಗುತ್ತಿತ್ತು. ಒಲೆಯ ಒಂದು ಕಿಡಿ ಹಾರಿದರೆ ಮನೆಯೇ ಇಲ್ಲ.

ಸ್ವಲ್ಪ ಅನುಕೂಲವಿದ್ದವರಿಗೆ ನಾಡಹಂಚು. ಕುಂಬಾರರು ತಿಗರಿಯ ಮೇಲೆ ಕೊಳವೆಯಂತೆ ಎತ್ತಿ, ಹಸಿ ಇರುವಾಗಲೇ ಉದ್ದಕ್ಕೆ ಸೀಳಿ, ಒಣಗಿಸಿ ಸುಡುತ್ತಿದ್ದರು. ಅರ್ಧ ಕೊಳವೆಯ ಆಕಾರ. ಒಂದನ್ನು ಅಂಗಾತ, ಇನ್ನೊಂದನ್ನು ಬೋರಲು ಇಟ್ಟು ಹೊದಿಸುವುದು. ಒಂದಕ್ಕೊಂದು ಹಿಡಿತವಿಲ್ಲ, ಭಾರದ ಮೇಲೆ ಸುಮ್ಮನೆ ಕೂತಿರುತ್ತವೆ. ಮಂಗ ಓಡಾಡಿದರೆ, ಬೆಕ್ಕು ಹಾರಿದರೆ ಸರಿಯುತ್ತವೆ. ಅದಕ್ಕೇ ಪ್ರತಿ ಮಳೆಗಾಲಕ್ಕೆ ಮುಂಚೆ ಮಾಡು ಹತ್ತಿ ಹೆಂಚು ಕೈಯಾಡಿಸುವ ಕೆಲಸ ಇದ್ದೇ ಇರುತ್ತಿತ್ತು. ಒಡೆದದ್ದಕ್ಕೆ ಬದಲಿ ಕೊಡಲು ಊರಿನಲ್ಲೇ ಕುಂಬಾರರಿದ್ದರು. ಹಂಚು ಹೋಯಿತೆಂದು ಯಾರೂ ತಾಲೂಕು ಸುತ್ತಬೇಕಿರಲಿಲ್ಲ.

ಅಚ್ಚು ಬಂದದ್ದು

ಈಗ ನಾವು 'ಮಂಗಳೂರು ಹಂಚು' ಎನ್ನುವ ಚಪ್ಪಟೆ ಹಂಚಿನ ಮೂಲ ಮಂಗಳೂರಲ್ಲ. ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುವ ಹಂಚನ್ನು ರೂಪಿಸಿ 1841ರಲ್ಲಿ ಹಕ್ಕು ಪಡೆದವರು ಗಿಲಾರ್ಡೋನಿ ಸಹೋದರರು. ಅವರ ಊರು ಫ್ರಾನ್ಸಿನ ಅಲ್ಸಾಸ್ ಪ್ರಾಂತದ ಆಲ್ಟ್‌ಕಿರ್ಶ್. ಅಲ್ಲಿಂದ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರ ಹೆಚ್ಚು ದೂರವಿಲ್ಲ.

ಆ ಬಾಸೆಲ್‌ನಲ್ಲಿ ಹುಟ್ಟಿದ ಕ್ರೈಸ್ತ ಮಿಷನ್ 1834ರಲ್ಲಿ ಮಂಗಳೂರಿಗೆ ಬಂದಿತ್ತು. ಪತ್ರಿಕೋದ್ಯಮ ಓದಿದ ನಮಗೆ ಈ ಮಿಷನ್ನಿನ ಹೆಸರು ಪರೀಕ್ಷೆಗಾಗಿ ಬಾಯಿಪಾಠ. 1843ರ ಜುಲೈ 1ರಂದು ಹೆರ್ಮನ್ ಮೊಗ್ಲಿಂಗ್ ಹೊರಡಿಸಿದ 'ಮಂಗಳೂರ ಸಮಾಚಾರ' ಕನ್ನಡದ ಮೊದಲ ಪತ್ರಿಕೆ. ಜುಲೈ 1 ನಮಗೆ ಪತ್ರಿಕಾ ದಿನವಾದದ್ದು ಹಾಗೆ. ಆ ಪತ್ರಿಕೆ ಕಲ್ಲಚ್ಚಿನಲ್ಲಿ ಮುದ್ರಣವಾಗುತ್ತಿತ್ತು.

ಅದೇ ಮಿಷನ್ನಿನ ಮುದ್ರಣದ ಕೆಲಸವನ್ನು ಸುಧಾರಿಸಲು 1851ರಲ್ಲಿ ಬಂದವರು ಜಾರ್ಜ್ ಪ್ಲೆಬ್ಸ್ಟ್ ಎಂಬ ಕುಶಲಕರ್ಮಿ. ಹಂಚಿನ ಕಾರ್ಖಾನೆಗೂ ಕಾರಣರಾದವರು ಇವರೇ. ನೇತ್ರಾವತಿಯ ದಡದ ಜೇಡಿಮಣ್ಣು ಅವರ ಕಣ್ಣಿಗೆ ಬಿತ್ತು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರುವಾಯಿತು. ಮೊದಮೊದಲು ಮಣ್ಣು ಕಲಸುವ ಯಂತ್ರ ತಿರುಗಿಸಲು ಎತ್ತುಗಳು, ಆಮೇಲೆ ಹಬೆ ಯಂತ್ರ.

ಅಕ್ಷರಕ್ಕೂ ಅಚ್ಚು, ಹಂಚಿಗೂ ಅಚ್ಚು. ಅಚ್ಚಿನ ಗುಣವೇ ಒಂದರಂತೆ ಇನ್ನೊಂದನ್ನು ಮಾಡುವುದು. ಕುಂಬಾರರ ಕೈಯಲ್ಲಿ ಪ್ರತಿ ಹಂಚೂ ಬೇರೆ. ಅಚ್ಚಿನಲ್ಲಿ ಒತ್ತಿದ ಹಂಚು ಸಾವಿರವಾದರೂ ಒಂದೇ ಅಳತೆ. ಒಂದೇ ಅಳತೆ ಇದ್ದರೆ ಮಾತ್ರ ಒಂದರ ಅಂಚು ಇನ್ನೊಂದರ ಗೀರಿನೊಳಗೆ ಕೂರುತ್ತದೆ. ನಮ್ಮ ಗೆಳೆಯನ ಮನೆಯ ತಂಟೆಯೂ ಅಲ್ಲಿಯೇ ಹುಟ್ಟಿದ್ದು. ಬೇರೆ ಅಚ್ಚಿನ ಹಂಚು ಈ ಮಾಡಿಗೆ ಹೊರಗಿನದು.

ಮಿಷನ್ ಕಾರ್ಖಾನೆ ಹಾಕಿದ್ದಕ್ಕೆ ಅದರದ್ದೇ ಕಾರಣವಿತ್ತು. ಮತ ಬದಲಿಸಿದವರನ್ನು ಆಗ ಮನೆಯವರು, ಜಾತಿಯವರು ಹೊರಹಾಕುತ್ತಿದ್ದರು. ಗದ್ದೆ ಇಲ್ಲ, ಕುಲಕಸುಬು ಇಲ್ಲ. ಅವರಿಗೆ ಕೆಲಸ ಕೊಡಲು ಮೊದಲು ನೇಯ್ಗೆ, ಆಮೇಲೆ ಹಂಚು. ದುಡಿಮೆಯಿಂದ ಬಂದ ಲಾಭ ಮಿಷನ್ನಿನ ಕೆಲಸಕ್ಕೂ ಹೋಗುತ್ತಿತ್ತು.

ಈ ವ್ಯಾಪಾರ ನಡೆಯುತ್ತದೆ ಎಂದು ಊರಿನವರಿಗೂ ಬೇಗ ಗೊತ್ತಾಯಿತು. 1868ರಲ್ಲೇ ಆಲ್ಬುಕರ್ಕ್ ಕುಟುಂಬದವರ ಕಾರ್ಖಾನೆ ಬಂತು. ಮುಂದೆ ನೇತ್ರಾವತಿ, ಗುರುಪುರ ಹೊಳೆಗಳ ದಡದುದ್ದಕ್ಕೂ ಚಿಮಣಿಗಳು ಎದ್ದವು. ಮಿಷನ್ ಕೂಡ ಕುದ್ರೋಳಿ, ಮಲ್ಪೆ, ಕೇರಳದ ಕಲ್ಲಿಕೋಟೆ, ಫೆರೋಕ್ ಕಡೆ ಕಾರ್ಖಾನೆ ತೆರೆಯಿತು. ಹೊಳೆಯಲ್ಲಿ ದೋಣಿ ಮೇಲೆ ಮಣ್ಣು ಬರುತ್ತಿತ್ತು, ಘಟ್ಟದ ಬುಡದಿಂದ ಸೌದೆ ಬರುತ್ತಿತ್ತು. ಸುಟ್ಟ ಹಂಚು ಮಂಜಿಗಳಲ್ಲಿ, ಹಡಗುಗಳಲ್ಲಿ ಹೋಗುತ್ತಿತ್ತು. ಮುಂಬಯಿಗೆ, ಸಿಲೋನಿಗೆ, ಬರ್ಮಾಕ್ಕೆ, ಪೂರ್ವ ಆಫ್ರಿಕಕ್ಕೆ. ಬ್ರಿಟಿಷ್ ಸರಕಾರ ಕಟ್ಟಿಸಿದ ಶಾಲೆ, ಕಚೇರಿ, ರೈಲ್ವೆ ಸ್ಟೇಷನ್, ಬಂಗಲೆಗಳ ಮೇಲೂ ಇದೇ ಹಂಚು ಕೂತಿತು.

ಈ ಲೆಕ್ಕದಲ್ಲಿ ಕಳೆದದ್ದೂ ಉಂಟು. ನಾಡಹಂಚಿಗೆ ಗಿರಾಕಿ ಇಲ್ಲದಾದಾಗ ಕುಂಬಾರರ ಆದಾಯದ ಒಂದು ದಾರಿ ಮುಚ್ಚಿತು. ಗೂಡುಗಳಿಗೆ ಕಾಡು ಉರಿಯಿತು. ಮಣ್ಣು ತೆಗೆದ ಗದ್ದೆಗಳು ಹೊಂಡವಾದವು.

ಒಳಗಿನಿಂದ ತಲೆ ಎತ್ತಿ ನೋಡಿ

ಗೆಳೆಯ ಚಿಕ್ಕಂದಿನಿಂದ ಶಾಲೆಯಲ್ಲಿ ಹೇಳಿಕೊಂಡು ಬಂದದ್ದು: "ನಮ್ಮದು 1865ರ ಮನೆ." ಯಾಕೆಂದರೆ ಹಂಚಿನ ಒಳಮೈಯಲ್ಲಿ ಇಂಗ್ಲಿಷಿನಲ್ಲಿ 'ಬಾಸೆಲ್ ಮಿಷನ್ ಟೈಲ್ ವರ್ಕ್ಸ್', ಅದರ ಜೊತೆಗೆ '1865' ಎಂದು ಅಚ್ಚಾಗಿದೆ.

ನಿಮ್ಮ ಮನೆಯಲ್ಲೂ ಹೀಗಿದ್ದರೆ ತಿಳಿದಿರಲಿ, ಅದು ಮನೆ ಕಟ್ಟಿದ ವರ್ಷವಲ್ಲ, ಹಂಚು ಸುಟ್ಟ ವರ್ಷವೂ ಅಲ್ಲ. ಕಾರ್ಖಾನೆ ಶುರುವಾದ ವರ್ಷ. ಅಂಗಡಿಯ ಫಲಕದ ಮೇಲೆ ಸ್ಥಾಪನೆಯ ವರ್ಷ ಬರೆಯುವ ಹಾಗೆ.

ಹಾಗಾದರೆ ಹಂಚಿನ ವಯಸ್ಸು ತಿಳಿಯುವುದು ಹೇಗೆ? ಒಂದು ದಾರಿ ಉಂಟು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಮಿಷನ್ ಸ್ವಿಟ್ಜರ್ಲೆಂಡಿನದಾದರೂ ಅದರಲ್ಲಿ ಜರ್ಮನರು ಬಹಳ. ಬ್ರಿಟಿಷ್ ಸರಕಾರ ಅವರನ್ನು ಶತ್ರು ದೇಶದವರೆಂದು ಹಿಡಿದಿಟ್ಟು ಊರಿಗೆ ಕಳಿಸಿತು. ಕಾರ್ಖಾನೆಗಳು ಮಿಷನ್ನಿನ ಕೈತಪ್ಪಿ, ಯುದ್ಧದ ಬಳಿಕ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಬ್ರಿಟಿಷ್ ಕಂಪನಿಗೆ ಸೇರಿದವು. ಆದ್ದರಿಂದ 'ಬಾಸೆಲ್ ಮಿಷನ್' ಎಂದಿದ್ದರೆ ಅದು ಆ ಕೈಬದಲಿಗಿಂತ ಹಿಂದಿನ ಹಂಚು ಎಂದುಕೊಳ್ಳಬಹುದು, ಅಂದರೆ ನೂರು ವರ್ಷ ದಾಟಿದ್ದು. 'ಕಾಮನ್‌ವೆಲ್ತ್' ಎಂದಿದ್ದರೆ ಆಮೇಲಿನದು. ಬೇರೆ ಹೆಸರಿದ್ದರೆ ಬೇರೆ ಕಾರ್ಖಾನೆಯದು.

ಹಂಚಿಗೆ ನೂರು ವರ್ಷ. ಹಾಗಾದರೆ ಮನೆಗೆ? ಅಜ್ಜಿಯನ್ನೇ ಕೇಳಿದೆವು.

"ಮನೆಗೆ ಎಲ್ಲಿಂದ ಮಗಾ ನೂರು ವರ್ಷ? ನಾನು ಮದುವೆಯಾಗಿ ಬರುವಾಗ ಇದು ಮುಳಿಹುಲ್ಲಿನ ಮನೆ. ಗದ್ದೆ ನಮ್ಮದಲ್ಲ, ಧಣಿಗಳದ್ದು. ಹಂಚಿನ ಮನೆ ಅಂದ್ರೆ ಆಗ ಧಣಿಗಳ ಮನೆ ಮಾತ್ರ. ಡಿಕ್ಲರೇಷನ್ ಕೊಟ್ಟು ಗದ್ದೆ ನಮ್ಮ ಹೆಸರಿಗೆ ಆದ ಮೇಲೆ ನಿನ್ನ ಅಜ್ಜ ಮಾಡಿದ ಮೊದಲ ಕೆಲಸ ಇದು. ಪೇಟೆಯಲ್ಲಿ ಹಳೇ ಬಂಗ್ಲೆ ಕೆಡವುತ್ತಿದ್ರು. ಅಲ್ಲಿಂದ ಹಂಚು ತಂದದ್ದು. ರಸ್ತೆಯಿಂದ ಇಲ್ಲಿಗೆ ನಾನೂ ಹೊತ್ತಿದ್ದೇನೆ, ತಲೆ ಮೇಲೆ ಎಂಟೆಂಟು."

ನಮಗೆ ಆಗ ತಿಳಿಯಿತು. ಕರ್ನಾಟಕದ ಭೂಸುಧಾರಣೆ ಕಾನೂನಿನ ದೊಡ್ಡ ತಿದ್ದುಪಡಿ ಜಾರಿಯಾದದ್ದು 1974ರ ಮಾರ್ಚ್ 1ರಂದು. ಗೇಣಿ ಪದ್ಧತಿ ಹೋಗಿ ಉಳುವವರು ಭೂಮಿಗೆ ಅರ್ಜಿ ಹಾಕಿದರು. ದಕ್ಷಿಣ ಕನ್ನಡದಲ್ಲಿ ಗೇಣಿದಾರರು ಬಹಳ. ಈ ಮನೆಯ ಮಟ್ಟಿಗೆ ಹಂಚು ಎಂದರೆ ಮಳೆಗೆ ಅಡ್ಡ ಇಟ್ಟ ಮಣ್ಣಷ್ಟೇ ಅಲ್ಲ. ಗದ್ದೆ ನಮ್ಮದಾಯಿತು ಎಂದು ಊರಿಗೆ ಕಾಣುವ ಹಾಗೆ ಹೇಳಿದ ಮೊದಲ ಮಾತು. ಅಜ್ಜಿ ಶೀಟ್ ಬೇಡ ಎಂದದ್ದಕ್ಕೆ ಕಾರಣ ಸೆಕೆಯೊಂದೇ ಆಗಿರಲಿಲ್ಲ.

ಅಪ್ಪ ಈ ಕತೆಯನ್ನು ಮೊದಲು ಕೇಳಿದ್ದರೋ ಇಲ್ಲವೋ, ಆ ಹೊತ್ತು ಏನೂ ಹೇಳಲಿಲ್ಲ. ಸಂಜೆ ಬೈಕ್ ಕೀಲಿ ತಂದು ಕೊಟ್ಟು, "ಜೂನ್ ಒಂದರವರೆಗೆ ನೋಡಿ. ಸಿಗದಿದ್ರೆ ಶೀಟೇ" ಎಂದರು.

ಏಳು ಹಂಚಿನ ಹುಡುಕಾಟ

ನಾವು ಮಾಡಿದ ತಪ್ಪನ್ನು ನೀವು ಮಾಡಬೇಡಿ. ಮೊದಲು ಮೂರು ಅಂಗಡಿಗೆ ಬರಿಗೈಯಲ್ಲಿ ಹೋಗಿ 'ಮಂಗಳೂರು ಹಂಚು ಉಂಟಾ' ಎಂದು ಕೇಳಿದೆವು. ಎಲ್ಲರೂ ಉಂಟು ಎಂದರು. ಯಾವುದೂ ಹೊಂದಲಿಲ್ಲ. ನಾಲ್ಕನೇ ದಿನ ಬುದ್ಧಿ ಬಂತು. ಮಾಡಿನಿಂದ ಒಂದು ಇಡೀ ಹಂಚು ಇಳಿಸಿ, ಗೋಣಿಯಲ್ಲಿ ಸುತ್ತಿ ಜೊತೆಗೆ ಒಯ್ದೆವು.

ಹಂಚಿನ ಅಳತೆಗೆ ಭಾರತೀಯ ಮಾನಕವೇ ಇದೆ. ಅದರಲ್ಲೂ ಒಂದೇ ಅಳತೆಯಲ್ಲ, ಸುಮಾರು 41ರಿಂದ 42.5 ಸೆಂಟಿಮೀಟರ್ ಉದ್ದದ, 23.5ರಿಂದ 26 ಸೆಂಟಿಮೀಟರ್ ಅಗಲದ ಮೂರು ಅಳತೆಗಳಿವೆ. ಮಾನಕಕ್ಕೆ ಮುಂಚಿನ ಹಳೆಯ ಹಂಚುಗಳು ಆಯಾ ಕಾರ್ಖಾನೆಯ ಅಚ್ಚಿನ ಪ್ರಕಾರ. ಒಂದು ಹಂಚಿನಲ್ಲಿ ಅರ್ಧ ಸೆಂಟಿಮೀಟರ್ ವ್ಯತ್ಯಾಸವಿದ್ದರೆ ಹತ್ತು ಹಂಚಿನ ಸಾಲಿಗೆ ಐದು ಸೆಂಟಿಮೀಟರ್. ಸಾಲು ಓರೆಯಾಗುತ್ತದೆ, ನೀರು ಒಳಗೆ ಬರುತ್ತದೆ.

ಕೊನೆಗೆ ದಾರಿ ತೋರಿಸಿದ್ದು ಹಂಚಿನ ಕೆಲಸದ ಅಣ್ಣ. ಅರವತ್ತು ದಾಟಿದ್ದಾರೆ. ಸುತ್ತಿನ ಮೂರು ಊರಿಗೆ ಈಗ ಅವರೊಬ್ಬರೇ. "ಅಂಗಡಿಯಲ್ಲಿ ಹುಡುಕಬೇಡಿ ಮಾರಾಯ್ರೆ. ಮನೆ ಎಲ್ಲಿ ಕೆಡವ್ತಾರೆ ಅಂತ ಕೇಳಿ" ಎಂದರು. ಹತ್ತು ಕಿಲೋಮೀಟರ್ ಆಚೆ ಹೊಸ ಮನೆಗಾಗಿ ಹಳೆ ಮನೆ ಕೆಡವಿದ್ದರು. ಅಂಗಳದ ಮೂಲೆಯಲ್ಲಿ ಹಂಚಿನ ರಾಶಿ. ಒಯ್ದ ಹಂಚನ್ನು ಒಂದೊಂದರ ಪಕ್ಕ ಇಟ್ಟು ನೋಡುತ್ತಾ ಹೋದೆವು. ನಾಲ್ಕು ಕಾರ್ಖಾನೆಯ ಹೆಸರು ಸಿಕ್ಕಿದ ಮೇಲೆ ನಮ್ಮದು ಸಿಕ್ಕಿತು. ನಮಗೆ ಬೇಕಿದ್ದದ್ದು ಏಳು, ತಂದದ್ದು ಮೂವತ್ತು.

ಹಳೆಯ ಹಂಚು ಆರಿಸುವುದನ್ನು ಅಣ್ಣ ಕಲಿಸಿದರು. ಬೆರಳಿನ ಗೆಣ್ಣಿನಿಂದ ಬಡಿದರೆ ಗಂಟೆಯಂತೆ ಟಣ್ ಎನ್ನಬೇಕು. ಬೊದ್ದೆಂದರೆ ಒಳಗೆ ಬಿರುಕಿದೆ ಅಥವಾ ಸರಿಯಾಗಿ ಸುಟ್ಟಿಲ್ಲ. ಕೆಳಗಿನ ಎರಡು ಮೊಳೆಯಂಥ ಉಬ್ಬು ಇಡಿಯಾಗಿರಬೇಕು, ರೀಪಿಗೆ ತೂಗಿ ನಿಲ್ಲುವುದು ಅದರಿಂದಲೇ. ಪಾಚಿ ಇದ್ದರೆ ಚಿಂತೆಯಿಲ್ಲ, ಉಜ್ಜಿದರೆ ಹೋಗುತ್ತದೆ.

ಹಂಚು ಬದಲಿಸುವುದು

ಮಂಗಳೂರು ಹಂಚಿಗೆ ಮೊಳೆ ಹೊಡೆಯುವುದಿಲ್ಲ, ಗಾರೆ ಹಾಕುವುದಿಲ್ಲ. ರೀಪಿನ ಮೇಲೆ ತೂಗುತ್ತದೆ, ಪಕ್ಕದವನ್ನು ಹಿಡಿದುಕೊಳ್ಳುತ್ತದೆ. ಅದಕ್ಕೇ ನಡುವಿನ ಒಂದನ್ನು ಮಾತ್ರ ಬದಲಿಸಲು ಸಾಧ್ಯ. ಅಣ್ಣ ಮಾಡಿನ ಮೇಲೆ ಹತ್ತಲೇ ಇಲ್ಲ. ಒಳಗಿನಿಂದ ಏಣಿ ಇಟ್ಟು, ಮೇಲಿನ ಸಾಲಿನ ಹಂಚನ್ನು ಅಂಗೈಯಿಂದ ಸ್ವಲ್ಪ ಎತ್ತಿ ಮೇಲಕ್ಕೆ ಸರಿಸಿದರು. ಅಂಚು ಮೇಲೆ ಕೂತಿದ್ದ ಪಕ್ಕದ ಹಂಚನ್ನು ಬದಿಗೆ ಸರಿಸಿದರು. ಒಡೆದದ್ದನ್ನು ತೆಗೆದು, ಹೊಸದನ್ನು ತೂರಿಸಿ, ಉಬ್ಬು ರೀಪಿಗೆ ಸಿಕ್ಕಿತೇ ಎಂದು ಕೆಳಕ್ಕೆ ಎಳೆದು ನೋಡಿದರು. ಆಮೇಲೆ ಸರಿಸಿದ್ದನ್ನೆಲ್ಲ ಮತ್ತೆ ಜಾಗಕ್ಕೆ ತಂದರು. ಒಂದಕ್ಕೆ ಐದು ನಿಮಿಷವೂ ಹಿಡಿಯಲಿಲ್ಲ.

ಹಂಚಿಗಿಂತ ಮೊದಲು ಅವರು ನೋಡಿದ್ದು ಮರವನ್ನು. ಒಂದು ರೀಪಿಗೆ ಕತ್ತಿಯ ತುದಿ ಚುಚ್ಚಿದರೆ ಬೆಣ್ಣೆಯಂತೆ ಇಳಿಯಿತು. ಹಲವು ಮಳೆಗಾಲ ಹನಿಹನಿಯಾಗಿ ನೀರು ಬಿದ್ದು ಕುಂಬಾಗಿತ್ತು. ಹಂಚು ಹೋದರೆ ಹಂಚು ಮಾತ್ರ ಹೋಯಿತು. ಅದನ್ನು ಹಾಗೇ ಬಿಟ್ಟರೆ ರೀಪು, ರೀಪು ಬಿಟ್ಟರೆ ಪಕಾಸಿ, ಕೊನೆಗೆ ಗೋಡೆ. ಅಡುಗೆಮನೆಯಲ್ಲಿ ಸೋರುವಲ್ಲಿ ಪಾತ್ರೆ ಇಟ್ಟು ವರ್ಷ ದೂಡುವವರು ಇದನ್ನು ನೆನಪಿಡಬೇಕು.

ಇನ್ನೊಂದು ಮಾತು. ಮಳೆಗಾಲಕ್ಕೆ ಮುಂಚೆ ಮಾಡಿನಿಂದ ಜಾರಿ ಬಿದ್ದು ಸೊಂಟ ಮುರಿದುಕೊಂಡವರು ಎಲ್ಲ ಊರಲ್ಲೂ ಇದ್ದಾರೆ. ಹಂಚು ಮನುಷ್ಯನ ಭಾರ ತಡೆಯಲು ಮಾಡಿದ್ದಲ್ಲ. ಪಾಚಿ ಕಟ್ಟಿದ ಒದ್ದೆ ಹಂಚಿನ ಮೇಲೆ ಕಾಲಿಡಲೇಬೇಡಿ. ಮಾಡಿನ ಹತ್ತಿರ ಕರೆಂಟಿನ ತಂತಿ ಇದ್ದರೆ ಮೊದಲು ಲೈನ್ ಆಫ್ ಮಾಡಿಸಿ. ಆಗುವಷ್ಟು ಕೆಲಸ ಒಳಗಿನಿಂದಲೇ ಮಾಡಿ, ಕೆಳಗೆ ಏಣಿ ಹಿಡಿಯಲು ಒಬ್ಬರು ಇರಲಿ.

ಶೀಟ್ ತಪ್ಪೇ?

ಅಲ್ಲ. ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಮುಚ್ಚಿದವು. ಸೌದೆ ದುಬಾರಿಯಾಯಿತು, ಮಣ್ಣು ಸಿಗುವುದು ಕಷ್ಟವಾಯಿತು, ತಾರಸಿ ಮನೆ ಬಂತು. ಹೊಳೆ ದಡದಲ್ಲಿ ಕೆಲವು ಕಡೆ ಚಿಮಣಿ ಮಾತ್ರ ನಿಂತಿದೆ. ಆ ಕಾರ್ಖಾನೆಗಳಲ್ಲಿ ಮಣ್ಣು ಹೊತ್ತ, ಹಸಿ ಹಂಚು ಜೋಡಿಸಿದ ಹೆಂಗಸರಿಗೂ ಅದು ಸುಖದ ಕೆಲಸವಾಗಿರಲಿಲ್ಲ. ಮರ ಹಾಳಾಗಿ, ಕೆಲಸದವರು ಸಿಗದೆ, ಮನೆಯಲ್ಲಿ ವಯಸ್ಸಾದವರಿಬ್ಬರೇ ಇರುವಾಗ ಶೀಟ್ ಹಾಕಿಸಿದರೆ ಅವರನ್ನು ದೂರುವ ಹಕ್ಕು ನಮಗಿಲ್ಲ.

ಆದರೆ ಹನ್ನೊಂದು ಹಂಚು ಹೋಯಿತೆಂದು ಸಾವಿರ ಹಂಚು ಇಳಿಸುವ ಮೊದಲು ಲೆಕ್ಕ ಹಾಕಿ. ನೂರು ಚದರ ಅಡಿ ಮಾಡಿಗೆ ಸುಮಾರು 150 ಹಂಚು. ಅದರಲ್ಲಿ ಎಷ್ಟು ಹೋಗಿದೆ, ಎಷ್ಟು ಸರಿ ಇದೆ ಎಂದು ಎಣಿಸಿ. ಮರ ಗಟ್ಟಿಯಿದ್ದರೆ ಹಂಚು ಬದಲಿಸುವುದು ಕಡಿಮೆ ಖರ್ಚು. ತಗಡಿನ ಶೀಟಿನ ಕೆಳಗೆ ಏಪ್ರಿಲ್ ಮಧ್ಯಾಹ್ನ ಕೂತವರಿಗೆ ಸೆಕೆಯ ಬಗ್ಗೆ ನಾವು ಹೇಳಬೇಕಿಲ್ಲ. ಹಳೆಯ ಸಿಮೆಂಟ್ ಶೀಟ್‌ಗಳಲ್ಲಿ ಕಲ್ನಾರು ಇರುತ್ತದೆ. ಅದನ್ನು ಕೊಯ್ಯುವಾಗ, ಒಡೆಯುವಾಗ ಏಳುವ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು.

ಮೇ ಮೂರನೇ ವಾರ ಅಡುಗೆಮನೆಯ ಕೆಲಸ ಮುಗಿಯಿತು. ಎರಡು ರೀಪು ಬದಲಾಯಿತು, ಹನ್ನೊಂದು ಹಂಚು ಕೂತಿತು. ಕೊಟ್ಟಿಗೆಯ ಮರ ಮಾತ್ರ ಪೂರ್ತಿ ಹೋಗಿತ್ತು. ಅಲ್ಲಿಗೆ ಅಪ್ಪ ಶೀಟನ್ನೇ ಹಾಕಿಸಿದರು. ಅಜ್ಜಿ ಬೇಡ ಎನ್ನಲಿಲ್ಲ. ಕೊಟ್ಟಿಗೆಯಿಂದ ಇಳಿಸಿದ ಹಂಚಿನಲ್ಲಿ ಟಣ್ ಎನ್ನುವುದನ್ನೆಲ್ಲ ಬಡಿದು ನೋಡಿ ಆರಿಸಿದವರು ಅವರೇ. ಮೂವತ್ತರಲ್ಲಿ ಉಳಿದ ಇಪ್ಪತ್ತಮೂರರ ಜೊತೆ ಅವನ್ನೂ ಗೋಡೆಗೆ ಒರಗಿಸಿಡಲಾಗಿದೆ.

ನಿಮ್ಮ ಊರಲ್ಲಿ ಯಾರಾದರೂ ಹಳೆ ಮನೆ ಕೆಡವುತ್ತಿದ್ದರೆ ಒಮ್ಮೆ ಹೋಗಿ ಬನ್ನಿ. ಹೋಗುವಾಗ ನಿಮ್ಮ ಮನೆಯ ಒಂದು ಹಂಚು ಜೊತೆಗಿರಲಿ. ನಾವು ಇನ್ನೊಂದು ಕೆಲಸಕ್ಕೆ ಹೊರಟಿದ್ದೇವೆ. ಬರುವ ಬೇಸಿಗೆಯಲ್ಲಿ ಆ ಅಣ್ಣನ ಜೊತೆ ನಮ್ಮಲ್ಲಿ ಇಬ್ಬರು ಏಣಿ ಹತ್ತಲಿದ್ದಾರೆ. ಬರೆಯುವುದಕ್ಕಲ್ಲ, ಹಂಚು ಬದಲಿಸುವುದನ್ನು ಕಲಿಯುವುದಕ್ಕೆ.